ನೂರಾ ಹನ್ನೆರಡನೇ ಪುಟ

ಹನ್ನೊಂದು ದಿನದಿಂದ ಇದೇ ಪುಟದಲ್ಲಿದ್ದೇನೆ.
ಓಗುಸ್ತ್ ಪೆರಿಯೋ, ನೀನು ಬರೆದ ಒಂದು ಪದ
ಜೋಳದ ಸುಂಕು ಹೊಕ್ಕ ಹಾಗೆ ನನ್ನ ಗಂಟಲಲ್ಲಿ.

ನಿನ್ನ ಬಗ್ಗೆ ನನಗೆ ಗೊತ್ತಿರುವುದು ಇಷ್ಟು:
ಮೂರು ನುಡಿಗಳು ಇಳಿದು ಬಂದು ಸೇರುವ ಕಣಿವೆ,
ಸುಂಕದ ಕಟ್ಟೆಯ ಕಾರಕೂನನ ನಾಲ್ಕನೇ ಮಗ.
ಅಪ್ಪ ಅಡ್ಡಗೋಲು ಎತ್ತಿದರೆ ಹೋಗಬೇಕು, ಇಳಿಸಿದರೆ ನಿಲ್ಲಬೇಕು.
ಅಮ್ಮ ಮಾತ್ರ ಹಾಲಿನ ಕ್ಯಾನು ಹಿಡಿದು
ಗೋಲಿನ ಕೆಳಗೆ ಬಗ್ಗಿ ತವರಿಗೆ ಹೋಗಿ ಬರುತ್ತಿದ್ದಳಂತೆ,
ದಿನಾ, ಸುಂಕವಿಲ್ಲದೆ.
ಇದನ್ನು ನೀನು ಅಡಿಟಿಪ್ಪಣಿಯಲ್ಲಿ ಹಾಕಿದೆ.
ಮೇಲಿನ ಮುನ್ನೂರು ಪುಟ ಆ ಟಿಪ್ಪಣಿಯ ಭಾಷ್ಯವೆಂದು
ನನಗೆ ಗುಮಾನಿ.

ಚೀಸಿನ ಅಂಗಡಿಯ ಮಾಳಿಗೆಯಲ್ಲಿ ಕೋಣೆ, ಬಾಡಿಗೆ ಬಾಕಿ.
ಯುದ್ಧ ಬಂದಾಗ ಎರಡು ಚಳಿಗಾಲ ಸೆರೆಮನೆ,
ಯಾವ ದೇಶ ಎಂದು ಕೇಳಿದ್ದಕ್ಕೆ
ಊರಿನ ಹೆಸರು ಹೇಳಿ ಸುಮ್ಮನಾದ ತಪ್ಪಿಗೆ.
ಬಿಟ್ಟ ಮೇಲೆ ರಾಜಧಾನಿಯವರು ಭಾಷಣಕ್ಕೆ ಕರೆದರು.
ಎರಡು ತಾಸು ಮಾತಾಡಿದೆ.
ಅವರು ನಿನ್ನ ಉಚ್ಚಾರ ತಿದ್ದಿ ಕಳಿಸಿದರು.

ನನಗೆ ಫ್ರೆಂಚ್ ಹತ್ತಿದ್ದು ಕ್ಯಾಂಪಿನ ಕಾನ್ವೆಂಟಿನಲ್ಲಿ,
ಮುದುಕಿ ಸಿಸ್ಟರ್ ಕ್ಲೋತಿಲ್ಡ್ ಹೊಲಿಗೆ ಕಲಿಸುತ್ತ ಬೈಯುವಾಗ.
ಮೊದಲು ಬೈಗುಳ, ಆಮೇಲೆ ವ್ಯಾಕರಣ.
ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ,
ಅಪ್ಪನ ರೈಲ್ವೆ ಅರ್ಜಿಗಳಿಗೆ ಇಂಗ್ಲಿಷು,
ಗಾದಿ ಹೊಲಿಯಲು ಹುಸೇನಬಿ ಬಂದರೆ ಮತ್ತೊಂದು.
ಯಾವುದೂ ಇನ್ನೊಂದಕ್ಕೆ ಏಳು ಅನ್ನಲಿಲ್ಲ
ಅಂತ ಬರೆದರೆ ಸುಳ್ಳಾಗುತ್ತದೆ.
ನಾನು ಎಂಟನೇ ಇಯತ್ತೆಯಲ್ಲಿದ್ದಾಗ ಕಿಟಕಿಗೆ ಕಲ್ಲು ಬಿತ್ತು.
ಯಾವ ಭಾಷೆಯ ಕಲ್ಲು ಎಂದು ಅಪ್ಪ ತಿರುಗಿಸಿ ನೋಡಿದ.
ಆಮೇಲೆ ಗಾಳಿಗೆ ಬಡಿಯದ ಹಾಗೆ
ಅದನ್ನೇ ಬಾಗಿಲಿಗೆ ಅಡ್ಡ ಇಟ್ಟ. ಇವತ್ತಿಗೂ ಅಲ್ಲೇ ಇದೆ.

ಈಗ ಪದ.
'ಒಕ್ಕೂಟ' ಎನ್ನುತ್ತದೆ ನಿಘಂಟು. ಫೈಲಿನಲ್ಲಿ ಸಲೀಸು.
ಹಾಲಿಗೂ ಇದೆ, ಲಾರಿ ಮಾಲೀಕರಿಗೂ ಇದೆ.
ಆದರೆ ಅದರ ಹೊಸ್ತಿಲಲ್ಲೇ 'ಒಂದು' ಕೂತಿದ್ದು ನನಗೆ ಕೇಳಿಸುತ್ತದೆ.
ನೀನೋ, ಆ ಒಂದರ ಜೊತೆ ಜನ್ಮವಿಡೀ ಜಗಳಾಡಿದವನು.

ಇವತ್ತು ಊರು ಬಂದ್.
ರಾತ್ರಿ ಯಾರೋ ಬೋರ್ಡುಗಳಿಗೆ ಡಾಂಬರು ಬಳಿದಿದ್ದಾರೆ.
ಪರಶರಾಮ ಕಾಕತಕರ ಸೀಮೆಎಣ್ಣೆ, ಚಿಂದಿ, ಕುಂಚ ಕಟ್ಟಿಕೊಂಡು
ಮೂರನೇ ಗೇಟಿನತ್ತ ಸೈಕಲ್ಲು ತಳ್ಳುತ್ತಿದ್ದ.
"ಬಾಯಾರ, ಎರಡೂ ಲಿಪಿ ಬರದಾಂವ ನಾನ,
ಯಾವುದಕ್ಕ ಬಳದ್ರೂ ನನಗ ಕೂಲಿ."
ನಕ್ಕ. ಅವನ ಉಗುರಿನ ಸಂದಿಯಲ್ಲಿ ಹೋದ ಸಲದ ಕಪ್ಪು.

ಹಾಲು ಬರಲಿಲ್ಲ. ಮಾಲನಬಾಯಿ ಗೋಡೆಯಾಚೆಯಿಂದ
ಅರ್ಧ ಲೋಟ ದಾಟಿಸಿದಳು. "ಕಾಯ್ ಲಿಹಿತೆಸ್ ಗ?"
ಏನು ಬರೆಯುತ್ತೇನೆಂದು ಹೇಳಿದೆ: ನಾಲ್ಕು ಊರು, ಹೊಲ ಬೇರೆ, ದೇವರು ಬೇರೆ,
ಯಾರೂ ಯಾರ ಆಳೂ ಅಲ್ಲ,
ಆದರೂ ಕೆಲಸ ಕೂಡಿ.
ಅವಳು ಸೆರಗಿಗೆ ಕೈ ಒರೆಸುತ್ತ ಅಂದಳು: ಅದು ಸಾವಡ.
ಯಳ್ಳೂರಿನ ಭತ್ತದ ಗದ್ದೆಗೆ ನಮ್ಮದೊಂದು ಎತ್ತು, ಅವರದೊಂದು.

ಅವಳ ಮರಾಠಿ ನನ್ನೊಳಗೆ ಕನ್ನಡದಲ್ಲಿ ಎದ್ದಿತು,
ಬೈಲಹೊಂಗಲದ ಅಜ್ಜಿಯ ಮಾತು:
ಮುಯ್ಯಿ.
ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನದಕ್ಕೆ ನೀನು.
ಬದು ಎಲ್ಲಿತ್ತೋ ಅಲ್ಲೇ.
ಅದರ ಮೇಲೆಯೇ ಕೂತು ಬುತ್ತಿ ಬಿಚ್ಚುವುದು.

ಸಿಕ್ಕಿತು ಎಂದು ಬರೆಯಲು ಹೋದೆ, ಕೈ ನಿಂತಿತು.
ಅಜ್ಜಿಯ ಬಾಯಲ್ಲಿ ಅದು ಕಳೆ ಕೀಳುವ ಕೈ, ಮದುವೆಯ ಸೀರೆ.
ಊರ ಬಾಯಲ್ಲಿ ಮುಯ್ಯಿ ಅಂದರೆ ಸೇಡು,
ಕಲ್ಲಿಗೆ ಕಲ್ಲು, ಬೋರ್ಡಿಗೆ ಬೋರ್ಡು.
ಆ ಅರ್ಥವನ್ನು ನಾವು ಚೆನ್ನಾಗಿ ಪಾಠ ಮಾಡಿದ್ದೇವೆ.
ನಿನ್ನ ಪದಕ್ಕೆ ಈ ಭಯವಿರಲಿಲ್ಲವೇನೋ, ಪೆರಿಯೋ.
ನನ್ನದಕ್ಕಿದೆ.

ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.
ಲೋಟ ತೊಳೆದೆ. ಬರಿದು ಕೊಡಬಾರದು.
ಒಂದು ಹಿಡಿ ಶೇಂಗಾ ಹಾಕಿ
ಗೋಡೆಯ ಮೇಲಿಟ್ಟು ಕರೆದೆ.