ಫ್ಯೂಜ್ ಇಲ್ಲದ ಲೈನು

ಮಧ್ಯಾಹ್ನ ಎರಡಕ್ಕ ತಿಕೋಟಾದಾಗ ಗಾಳಿನ ಇರಲಿಲ್ಲ.
ಕಂಬಕ್ಕ ಕೈ ಹಚ್ಚಿದರ ರೊಟ್ಟಿ ಹಂಚಿನಂಗ ಸುಡತಿತ್ತು.
ಏಣಿ ಹಿಡದಿದ್ದ ಹೊಸ ಹುಡುಗ ಗೈಬುಸಾಬ ಕೇಳಿದ:
"ಸಿಡಲ ಎಲ್ಲಿಂದ ಬರತೈತ್ರಿ, ಮಾಮಾ?"
"ನೀ ನಿಂತ ನೆಲದಿಂದ" ಅಂದೆ.
ನಕ್ಕ.

ನಗಬ್ಯಾಡ. ಎರಿ ಹೊಲ ಮುಂಜಾನಿಂದ ಬಿಸಲು ಕುಡದೈತಿ.
ಅದರ ಮ್ಯಾಲಿನ ಗಾಳಿ ಕಾದು, ಹಗರಾಗಿ, ಎದ್ದು ಹೊಂಟೈತಿ,
ಡೋಣಿಯ ಪಸಿ, ದ್ರಾಕ್ಷಿ ತ್ವಾಟದ ಉಸರು,
ನಿನ್ನ ಅಂಗಿ ಬೆವರೂ ಒಂದೀಟ
ಬಗಲಾಗ ಹಿಡಕೊಂಡು.
ಮ್ಯಾಲ ಥಂಡಿ. ಅಲ್ಲಿ ಮಾಡ ಕಟ್ಟತೈತಿ,
ಕಟ್ಟಿದಷ್ಟೂ ಕಾವು ಬಿಡತೈತಿ,
ಆ ಕಾವಿನ ಮ್ಯಾಲ ಮತ್ತ ಏರತೈತಿ,
ಗುಮ್ಮಟದ ಮ್ಯಾಲ ಗುಮ್ಮಟ, ಇನ್ನೂರ ಗುಮ್ಮಟ ಇಟ್ಟಂಗ.
ಒಳಗ ಆಣಿಕಲ್ಲು ಇಳೀತಾವ, ಬರ್ಫಿನ ಹರಳು ಏರತಾವ,
ಹಾದಿಯಾಗ ತಿಕ್ಕಾಡತಾವ.
ಪ್ಲಸ್ ಮ್ಯಾಲ, ಮೈನಸ್ ತೆಳಗ.
ನಾವು ಒಂದ ಟೀಸಿಗೆ ಮೂರು ಫ್ಯೂಜ್ ಹಾಕತೀವಿ.
ಅದಕ್ಕ ಒಂದೂ ಇಲ್ಲ.

ನಾಕೂವರಿಗೆ ಸೋಲಾಪುರದ ದಿಕ್ಕು ಕಪ್ಪಾತು.
ಮೊದಲು ತಣ್ಣನ ಗಾಳಿ.
ಎಲ್ಲಾರೂ ಹೊರಗ ಬಂದು ಮುಖಾ ಒಡ್ಡಿದರು.
ಆಮ್ಯಾಲ ಧೂಳಿ. ಧೂಳಿನಾಗ ಯಾರದೋ ಪತ್ರಾ.
ಶಾಣಿಬಾಯಿ ದುಡಿಯೂ ಶೆಡ್ಡಿನ ಹಸರ ಪರದೆ ಹರದು
ಜಾಲಿಗಿಡಕ್ಕ ಸಿಗಬಿತ್ತು.
ಹದಿಮೂರು ದಿನ ಒಣಗಿದ ದ್ರಾಕ್ಷಿ,
ಇನ್ನೆರಡು ದಿನಕ್ಕ ಮಣೂಕ ಆಗೂದಿತ್ತು,
ಮತ್ತ ಹಣ್ಣಾಗತೀನಿ ಅಂತ ನೀರು ಕುಡೀತು.
ಆಕಿ ತನ್ನ ಓಢಣಿ ತಗದು ಹಾಸಿದಳು,
ಆರು ಅಂತಸ್ತಿನ ಬಲಿಗೆ
ಒಂದು ಓಢಣಿ.

ಸಿಡಲ ಬಿದ್ದದ್ದು ಕೆನಾಲ್ ಬಾಜೂದ ಬೇವಿಗೆ.
ತೊಗಟಿ ಬಾಳಿಸಿಪ್ಪಿಯಂಗ ಸುಲದಿತ್ತು.
ಗಿಡದ ಬುಡಕ ಮಾಳಿಂಗನ ಹನ್ನೊಂದು ಕುರಿ,
ಒಂದರ ಮೈಮ್ಯಾಲೂ ಗಾಯ ಇಲ್ಲ.
ತಪ್ಪಿಸಿಕೊಂಡ ಮರಿ ಹುಡಕಾಕ ಹೋಗಿದ್ದಕ್ಕ ಆತ ಉಳದ.
ಮರಿ ಬಗಲಾಗ ಇತ್ತು. ಕಿವಿ ಕೇಳತಿರಲಿಲ್ಲ.
ನಾವು ಏನು ಕೇಳಿದರೂ "ಹನ್ನೆರಡು, ಹನ್ನೆರಡು" ಅನ್ನತಿದ್ದ.
ಗೈಬುಗ ಹೇಳಿದೆ: ಕರೆಂಟು ಬೇರಿನಿಂದ ನೆಲದಾಗ ಹರಡತೈತಿ,
ಮುಂದಿನ ಕಾಲಾಗ ಏರಿ ಹಿಂದಿನ ಕಾಲಾಗ ಇಳೀತೈತಿ.
ಕಾಲು ಅಗಲಿದ್ದಷ್ಟೂ ಅದಕ್ಕ ಹಾದಿ.

ರಾತ್ರಿ ಹನ್ನೊಂದಾದರೂ ಫೀಡರ್ ನಿಲ್ಲಲೊಲ್ಲದು.
ಫೋನಿನಾಗ ಊರಿಗೆ ಊರ ಬೈಯಾಕತ್ತಿತ್ತು.
ಬಿದ್ದ ಏಳು ಕಂಬ ಎಣಿಸಿ, ಎಂಟನೇದಕ್ಕ ಕೈ ಹಚ್ಚಿದೆ,
ತಣ್ಣಗ, ಹಸಿ ಹಸಿ.
ದೂರ ಮುದ್ದೇಬಿಹಾಳದ ಕಡೆ ಸಪ್ಪಳಿಲ್ಲದ ಮಿಂಚು.
ಬ್ಯಾಟರಿ ತಿರುಗಿಸಿ ನೋಡಿದರ
ಗೈಬು ಏಣಿ ಹಿಡಕೊಂಡು ನಿಂತಿದ್ದ,
ಎರಡೂ ಕಾಲು ಜೋಡಿಸಿ.