ತಕ್ಕಡಿಯ ಮುಳ್ಳು

ಅಂಗಿ ಯಾವ ಬಣ್ಣದ್ದಮ್ಮಾ, ಎಂದ ಪೊಲೀಸು.
ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿದ್ದ.

ಬೆಳಿಗ್ಗೆ ನಾನೇ ತೊಡಿಸಿದ್ದೆ.
ಕೈ ತೂರಿಸಿ, ಗುಂಡಿ ಹಾಕಿ,
ಕಾಲರಿನಡಿ ಸಿಕ್ಕಿದ ಕೂದಲು ಬಿಡಿಸಿ.
ಗುಂಡಿಗಳ ಲೆಕ್ಕ ಬೆರಳಿಗೆ ಗೊತ್ತು: ನಾಲ್ಕು.
ಬಣ್ಣ ಮಾತ್ರ
ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ.

ಬಟೂಮಿಯ ಮೀನುಪೇಟೆ, ಶನಿವಾರ.
ಬೇರೆ ಏನು ಬೇಕಾದರೂ ಕೇಳಿ, ಹೇಳುತ್ತೇನೆ.
ಗುಲಿಕೋಳ ತಕ್ಕಡಿಯ ಮುಳ್ಳು
ಒಂದು ಕಿಲೋ ಇನ್ನೂರರ ಹತ್ತಿರ ನಡುಗುತ್ತಿತ್ತು.
ಗಾಜಿನ ಎಡಮೂಲೆಯಲ್ಲಿ ಬಿರುಕು,
ಬಿರುಕಿನೊಳಗೆ ಮೀನಿನ ಒಂದೇ ಒಂದು ಹುರುಪೆ.
“ಇನ್ನೊಂದು ಹಾಕಲೇನೇ?” ಅಂದಳು.
ಹೂಂ ಅನ್ನುತ್ತ ಕೆಳಗೆ ನೋಡಿದೆ.
ಕೋಟಿನ ತುದಿಯಲ್ಲಿ ಕೈ ಇರಲಿಲ್ಲ.

ಹನ್ನೊಂದು ನಿಮಿಷ.
ಗಡಿಯಾರ ನೋಡಿದವರು ಆಮೇಲೆ ಹೇಳಿದ್ದು.
ನನ್ನ ಹನ್ನೊಂದು ನಿಮಿಷದಲ್ಲಿ
ಬಂದರಿನ ಅಂಚಿದೆ, ಎಣ್ಣೆ ತೇಲುವ ನೀರಿದೆ,
ನೀರಿನ ಮೇಲೊಂದು ಪುಟ್ಟ ಚಪ್ಪಲಿಯಿದೆ.
ನಾನು ಬಂದರಿಗೆ ಹೋಗಲೇ ಇಲ್ಲವಂತೆ.
ಗುಲಿಕೋ ಆಣೆ ಮಾಡುತ್ತಾಳೆ: ಇಲ್ಲೇ ಇದ್ದೆ ಕಣೇ,
ಮೀನಿನ ಚೀಲ ಎದೆಗವಚಿ ಕಂಬದ ಹಾಗೆ.
ಇದ್ದಿರಬಹುದು.
ಚಪ್ಪಲಿ ಈಗಲೂ ತೇಲುತ್ತಿದೆ.
ಅವನು ಅಂದು ಹಾಕಿದ್ದು ಬೂಟು.

ಶಾಲ್ವ ಸಿಕ್ಕಿದ, ಮೂರೇ ಅಂಗಡಿಯಾಚೆ,
ದ್ರಾಕ್ಷಿಪಾಕದಲ್ಲಿ ಅದ್ದಿ ತೂಗುಬಿಟ್ಟ
ಅಕ್ರೋಟಿನ ಸರಗಳ ಕೆಳಗೆ, ಬಾಯಿ ತುಂಬ ಅಂಟು.
ಓಡಿ ಹೋಗಿ ಅಪ್ಪಿಕೊಂಡಿರಬೇಕು. ಅಂಗಿ
ಕಣ್ಣಿಗೆ ಅಷ್ಟು ಹತ್ತಿರ ಬಂದಿರಬೇಕು.

ಮರುದಿನದಿಂದ ದಿನಾ ಬಾಗಿಲಲ್ಲಿ ನಿಲ್ಲಿಸಿ
ಬಣ್ಣ ಬಾಯಿಪಾಠ ಮಾಡಿದೆ:
ಕಂದು, ಮೇಲೆ ಬಿಳಿ ನಾಯಿ; ಬೂದಿ, ಮೊಣಕೈಯಲ್ಲಿ ತೇಪೆ.
ಆರು ವರ್ಷದ ಅಂಗಿಗಳನ್ನು ಈಗಲೂ ಒಪ್ಪಿಸಬಲ್ಲೆ,
ಅದೊಂದು ಬಿಟ್ಟು.

ಅವನಿಗೀಗ ಇಪ್ಪತ್ತೆರಡು, ಹಡಗು ರಿಪೇರಿಯ ಕೆಲಸ.
ಆ ದಿನದ ಮಾತೆತ್ತಿದರೆ ನಗುತ್ತಾನೆ:
ಯಾರೋ ಮುದುಕ, ಚಿನ್ನದ ಹಲ್ಲು, ಸಿಹಿ, ಬಿಸಿಲು.
ಬಿಸಿಲೇ? ಅವತ್ತು ಮಳೆ, ಅನ್ನುತ್ತೇನೆ.
ಬ್ರೆಡ್ಡು ಮುರಿಯುತ್ತ ಒಬ್ಬರನ್ನೊಬ್ಬರು
ಅನುಮಾನದಿಂದ ನೋಡುತ್ತೇವೆ.

ಆ ವಯಸ್ಸಿನ ಮೂರು ಅಂಗಿ ಪೆಟ್ಟಿಗೆಯಲ್ಲಿವೆ.
ಮೂರಕ್ಕೂ ನಾಲ್ಕು ಗುಂಡಿ.
ಕೆಲವು ರಾತ್ರಿ ದೀಪ ಹಾಕಿ
ಹಾಸಿಗೆಯ ಮೇಲೆ ಹರಡುತ್ತೇನೆ:
ಹಳದಿ. ನೀಲಿ ಗೆರೆಯದ್ದು. ತಿಳಿಹಸಿರು.
ಮೀನಿನದೋ ತಕ್ಕಡಿಯದೋ,
ಗಂಟಲಲ್ಲಿ ಮುಳ್ಳು ನಡುಗುತ್ತದೆ.
ಪೊಲೀಸು ಇನ್ನೂ
ಮುಚ್ಚಳ ಕಚ್ಚಿಕೊಂಡು ಕಾಯುತ್ತಿದ್ದಾನೆ.