ಹನ್ನೊಂದನೇ ತೂಬು

ಕಟ್ಟು ನೀರಿನ ಲೆಕ್ಕದಲ್ಲಿ ನನಗೆ ಸಿಕ್ಕಿದ್ದು
ಹನ್ನೆರಡು ದಿನದ ಒಣ ನಾಲೆ.
ಪಾಂಡವಪುರದ ಈಚೆ, ಹನ್ನೊಂದನೇ ತೂಬಿನ ಬಾಯಲ್ಲಿ
ಹೂಳು ಬಗೆದು, ಕಲಸಿ, ತುಳಿದು
ಕಿವಿಗಳನ್ನು ಮಾಡಿದೆ.
ಮೊಣಕಾಲೆತ್ತರದ ಏಳು ಕಿವಿ, ಸುಡದ ಮಣ್ಣು.
ಎಂಟನೆಯದು ನಿಲ್ಲಿಸುವಾಗಲೇ ಬಿರಿಯಿತು,
ಅದರ ಮೇಲೆ ಕೂತು ಊಟ ಮಾಡಿದೆ.

ನೀರುಗಂಟಿ ಸಿಂಗ್ರಯ್ಯ ಸೈಕಲ್ ನಿಲ್ಲಿಸಿ
ಬೀಡಿ ಮುಗಿಯುವವರೆಗೂ ನೋಡಿದ.
"ಇವ್ನೆಲ್ಲ ಸುಡಾಕಿಲ್ವಾ?"
ಇಲ್ಲ.
"ನೀರ್ ಬುಟ್ರೆ ಕರಗೋಯ್ತವೆ ಕಣವ್ವ."
ಹೌದು, ಅದನ್ನೇ ಹಿಡಿಯಬೇಕು.
"ಏನ್ನ?"
ಹೇಳಲು ಬರಲಿಲ್ಲ. ಮೈಸೂರಿನ ಕಾಲೇಜಿನಲ್ಲಿ
ಒಂದು ಗಂಟೆ ಇದನ್ನೇ ಹೇಳುತ್ತೇನೆ.

ಕೀಲಿ ಕೊಡುವ ಹಳೇ ಕ್ಯಾಮೆರಾ,
ಹುಣಿಸೆ ಬೇರಿಗೆ ಬಿಗಿದು ಕಟ್ಟಿದ್ದೆ.
ನಿಮಿಷಕ್ಕೊಂದು ಚಿತ್ರ.
ಒಂದು ಬಿರುಕು ಹಾಲೆಯಿಂದ ಹೊರಟು
ಸಂಜೆಯಾದರೂ ಕಿವಿಯ ಸುಳಿ ಮುಟ್ಟಿರಲಿಲ್ಲ.
ಕಣ್ಣಿಗೆ ಅಷ್ಟು ತಾಳ್ಮೆಯೆಲ್ಲಿ?
ನಡುವೆ ಮಿಟುಕಿ, ಬೆಳ್ಳಕ್ಕಿ ಕಡೆ ಹೊರಳಿ,
ಮರಳಿ ಬಂದು
ಏನೂ ತಪ್ಪಿಹೋಗಿಲ್ಲವೆಂಬಂತೆ ಕೂರುತ್ತದೆ.

ಹದಿಮೂರನೇ ಬೆಳಗ್ಗೆ ಸಿಂಗ್ರಯ್ಯ ಮೂಗೆತ್ತಿದ.
"ಬತ್ತಾ ಅದೆ."
ನನಗೆ ಕಂಡದ್ದು ಬಿಸಿಲು, ಪ್ಲಾಸ್ಟಿಕ್ಕು, ಕಬ್ಬಿನ ಸೋಗೆ.
ಅವನಿಗೋ ಒಂದು ಮೈಲಿ ಮೇಲೆ
ಒಣಮಣ್ಣು ಬೆವರಿದ ವಾಸನೆ.
ಇರುವೆಗಳು ಆಗಲೇ ಮೊಟ್ಟೆ ಹೊತ್ತು ದಡ ಏರಿದ್ದವು.
ಏರದೇ ಉಳಿದವಳು ನಾನೊಬ್ಬಳೇ.

ಮೊದಲು ಬಂದದ್ದು ನೀರಲ್ಲ,
ನೊರೆ, ತರಗು, ಮಗುವಿನ ಒಂದು ಚಪ್ಪಲಿ.
ಆಮೇಲೆ ಮೂರನೇ ಕಿವಿಯೊಳಗೆ
ಗುಳುಗುಳು.

ರಾತ್ರಿ ಬಚ್ಚಲಲ್ಲಿ ಕಾಫಿಪುಡಿ, ವಾಷಿಂಗ್ ಸೋಡ ಕದಡಿ
ನಾಲೆಯದೇ ನೀರಲ್ಲಿ ಸುರುಳಿ ತೊಳೆದೆ.
ಎಲ್ಲ ತಿರುಗುಮುರುಗು:
ಕಪ್ಪು ಬೆಳ್ಳಕ್ಕಿ, ಕಪ್ಪು ಬಿಸಿಲು,
ಹಾಲಿನಂಥ ನೆರಳು.
ಕಿವಿಗಳು ಅರ್ಧ ಕಂಡವು. ಮಿಕ್ಕರ್ಧದ ಮೇಲೆ
ಫಿಲ್ಮಿಗೇ ಕಚ್ಚಿಕೊಂಡ ಹೂಳಿನ ಕಣ.
ಒರೆಸಹೋದವಳು ಬಿಟ್ಟೆ,
ಕರಗಿದ ಕಿವಿಯದೇ ಇರಬಹುದು.

ಆಲೆಮನೆ ಗೋಡೆಗೆ ಪಂಚೆ ಬಿಗಿದು ತೋರಿಸಿದೆ.
ಹನ್ನೊಂದು ಜನ, ಒಂದು ಕರು.
ನಾಲ್ಕು ನಿಮಿಷಕ್ಕೆ ಮುಗಿಯಿತು. ಯಾರೂ ಏಳಲಿಲ್ಲ,
ಶುರುವಾಗಿಲ್ಲ ಅಂದುಕೊಂಡಿದ್ದರೇನೋ.
ಸಿಂಗ್ರಯ್ಯ ಗಂಟಲು ಸರಿಮಾಡಿಕೊಂಡ:
"ಇದ್ರಲ್ಲಿ ನೀರ್ ಬತ್ತಿಲ್ಲ ಕಣವ್ವ.
ಮಣ್ಣೇ ಎದ್ದು ನೀರ್ ಕುಡ್ಯಾಕೆ ಓಯ್ತಾ ಅದೆ."

ಈಗೆಲ್ಲಿವೆ ಆ ಕಿವಿಗಳು ಅಂತ ಒಂದು ಹುಡುಗಿ ಕೇಳಿದಳು.
ಅವನು ಬೆರಳು ಮಡಿಸಿದ:
ಎರಡು ಕೆಂಪಾಚಾರಿ ಗದ್ದೆಗೆ, ಒಂದು ಶಾಲೆ ಹಿಂದಿನ ಮಡಿಗೆ,
ಮೂರೋ ನಾಲ್ಕೋ ಪಟೇಲರ ಕಬ್ಬಿಗೆ.
ಕಡೇ ಬಯಲಿಗೆ ಒಂದೂ ಮುಟ್ಟಿರಾಕಿಲ್ಲ.

ಕಡೇ ಬಯಲಿನ ಚಿಕ್ಕಮಾದು ಕತ್ತಲಲ್ಲೇ ಕೂತಿದ್ದ.
"ಇನ್ನೊಂದಪ ಆಕವ್ವ," ಅಂದ,
"ನೀರ್ ಬರೋದ್ನ."